ಎರಿಮಣ್ಣಿನ ಕೆರಿ ರಾಡಿ: 45 ಮೈಕ್ರಾನ್ ಸಾಣಿಗಿ ಕಟ್ಟಕೋತದ, ಏನ್ ಮಾಡೋದು?

ಪ್ರಶ್ನೆ
ಉಣಕಲ್ ಕೆರಿ ದಂಡಿ ರಾಡಿಯೊಳಗಿನ ಮಿಯೋಫೌನಾ (500 ಮೈಕ್ರಾನ್ ಸಾಣಿಗ್ಯಾಗ ಇಳಿದು 45ರದ್ರಾಗ ಉಳಿಯೋ ಸಣ್ಣ ಪ್ರಾಣಿಗಳು) ಎಣಸಬೇಕಾಗೇದ. ತುದಿ ಕತ್ತರಿಸಿದ ಸಿರಿಂಜಿನಿಂದ (ಒಳವ್ಯಾಸ 2 ಸೆಂ.ಮೀ.) ಮೇಲಿನ 5 ಸೆಂ.ಮೀ. ತಗದು ಅಲ್ಲೇ 4% ಫಾರ್ಮಲಿನ್‌ಗೆ ಹಾಕೇವಿ. 500 ಮೈಕ್ರಾನ್ ಸಾಣಿಗ್ಯಾಗ ಸಲೀಸ್ ಇಳೀತದ, 45ರದ್ದು ಎರಡ ನಿಮಿಷಕ್ಕ ಕಟ್ಟಕೋತದ. ನಳ ಜೋರ್ ಬಿಟ್ರ ಹುಳ ತುಂಡಾಗತಾವ. ರೋಟಿಫರ್ (ಮೆತ್ತನ ಮೈಯ ಸೂಕ್ಷ್ಮ ನೀರಜೀವಿ) ಒಂದೂ ಗುರ್ತ ಹತ್ತವಲ್ವು.

ಉತ್ತರ 1
ಎರಿಮಣ್ಣಿನ ಗುಣಾನ ಹಂಗ ರೀ. ಜೇಡಿ ಕಣ 2 ಮೈಕ್ರಾನ್‌ಗಿಂತ ಸಣ್ಣು, ಬಿಡಿಬಿಡಿ ಇದ್ರ ಇಳೀಬೇಕು. ಒಂದಕ್ಕೊಂದು ಅಂಟಿ ಗಂಟಾಗಿರ್ತಾವ, ಅದಕ್ಕ ಕಟ್ತದ. ಮ್ಯಾಲಿನ ತಿಳಿ 45ರ ಮ್ಯಾಲೇನ ಬಸಿದು, ಉಳಿದ ರಾಡಿನ ಜೇಡಿ ಗಂಟು ಬಿಡಸೋ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ನೀರಾಗ (ಲೀಟರಿಗೆ 5 ಗ್ರಾಂ) ಅರ್ಧ ತಾಸು ನೆನಸ್ರಿ, ನಡುನಡುವ ಮೆತ್ತಗ ತಿರುವ್ರಿ. ಆಮ್ಯಾಲೆ ಸಾಣಿಗಿ ನಳದ ಕೆಳಗ ಹಿಡೀಬ್ಯಾಡ್ರಿ. ಬೋಗಣಿ ನೀರಾಗ ತಳ ಮುಳಗಿಸಿ ಅಂಚಿಗೆ ತಟ್ರಿ. ನೀರು ಕೆಳಗಿಂದನೂ ಏರಿ ಜಾಳಿಗಿ ಬಿಡಸ್ತದ. ಬಟ್ಟಿಲೆ ಒತ್ತಿ ತಿಕ್ಕಿದ್ರ ಹುಳ ಹೋದವು ಅಂತನ ತಿಳೀರಿ.

ಉತ್ತರ 2
ರೋಟಿಫರ್ ಕಾಣದಿರುವುದಕ್ಕೆ ಸಾಣಿಗೆ ಒಂದೇ ಕಾರಣವಲ್ಲ. ಫಾರ್ಮಲಿನ್ ತಗುಲಿದೊಡನೆ ಮೃದು ದೇಹದ ರೋಟಿಫರ್, ಗ್ಯಾಸ್ಟ್ರೋಟ್ರಿಚ್, ಚಪ್ಪಟೆಹುಳುಗಳು ಮುದುಡಿ ಉಂಡೆಯಾಗುತ್ತವೆ. ಅವನ್ನು ಜೀವಂತ ನೋಡಬೇಕು. ಪ್ರತಿ ಜಾಗದಲ್ಲೂ ಒಂದು ಸಿರಿಂಜ್ ಹೆಚ್ಚು ತೆಗೆದು, ಏನೂ ಹಾಕದೆ ತಂಪಾಗಿ ತಂದು ಅದೇ ದಿನ ನೋಡಿ. ಸಾದಾ ಸೋಡಾ ನೀರಲ್ಲಿ ಸ್ವಲ್ಪ ಹೊತ್ತಿಟ್ಟರೆ ಮಂಪರಾಗಿ ಮಣ್ಣಿನ ಹಿಡಿತ ಬಿಡುತ್ತವೆ.

ಇನ್ನೊಂದು: ನೀವು 100 ಮಿ.ಲೀ.ಗೆ 4 ಮಿ.ಲೀ. ಬಾಟಲಿ ಫಾರ್ಮಲಿನ್ (ಸುಮಾರು 37% ಫಾರ್ಮಾಲ್ಡಿಹೈಡ್ ದ್ರಾವಣ) ಹಾಕಿದ್ದರೆ ಫಾರ್ಮಾಲ್ಡಿಹೈಡ್ ಸುಮಾರು 1.5% ಮಾತ್ರ. 1 ಪಾಲು ಫಾರ್ಮಲಿನ್‌ಗೆ 9 ಪಾಲು ನೀರು ಬೇಕು, ರಾಡಿಯಲ್ಲಿರುವ ನೀರನ್ನೂ ಲೆಕ್ಕಕ್ಕೆ ಹಿಡಿದು. ಬೋರಾಕ್ಸ್ ಬೆರೆಸಿ, ಇಲ್ಲವಾದರೆ ಆಮ್ಲವಾಗಿ ಆಸ್ಟ್ರಕಾಡ್ ಎಂಬ ಸಣ್ಣ ಚಿಪ್ಪುಪ್ರಾಣಿಗಳ ಚಿಪ್ಪು ಕರಗುತ್ತದೆ. ಚಿಟಿಕೆ ರೋಸ್ ಬೆಂಗಾಲ್ ಬಣ್ಣ ಹಾಕಿದರೆ ಪ್ರಾಣಿಗಳು ಗುಲಾಬಿಯಾಗಿ ಎದ್ದು ಕಾಣುತ್ತವೆ.

ಪ್ರಶ್ನೆ ಕೇಳಿದವರು
ಬಾಟಲಿ ಅಳತಿನೇ ತಪ್ಪೇದ, ಸರಿ ಮಾಡ್ತೇವಿ. ರಾಡಿಯಿಂದ ಹುಳ ತೇಲಿಸಿ ಬ್ಯಾರೆ ಮಾಡಲಿಕ್ಕ ಲುಡಾಕ್ಸ್ (ಸಿಲಿಕಾದ ಭಾರಿ ದ್ರವ) ಇಲ್ಲ. ಸಕ್ಕರಿ ನಡೀತದೇನ್ರಿ?

ಉತ್ತರ 1
ನಡೀತದ. 454 ಗ್ರಾಂ ಸಕ್ಕರಿ ಕರಗಿಸಿ ಒಟ್ಟು 1 ಲೀಟರ್ ಮಾಡ್ರಿ, ಸಾಂದ್ರತೆ 1.18ರ ಹತ್ರ ಬರ್ತದ. ರಾಡಿ ಅದರಾಗ ಕಲಸಿ ಸೆಂಟ್ರಿಫ್ಯೂಜ್‌ನ್ಯಾಗ (ಜೋರ್ ಗರಗರ ತಿರುಗಿಸೋ ಯಂತ್ರ) ಒಂದ ನಿಮಿಷ ತಿರುಗಿಸಿದ್ರ ಸಾಕು, ಹುಳ ಮ್ಯಾಲ ತೇಲ್ತಾವ. ಮ್ಯಾಲಿನ ನೀರು ಲಗೂನ 45ರ ಮ್ಯಾಲೆ ಸುರುವಿ ತೊಳೀರಿ. ತಡಾ ಆದ್ರ ಸಕ್ಕರಿ ನೀರೆಳದು ಹುಳ ಸುಕ್ಕಾಗತಾವ. ತಳದ ಗಸಿ ಚೆಲ್ಲಬ್ಯಾಡ್ರಿ, ಚಿಪ್ಪಿನ ಭಾರಕ್ಕ ಆಸ್ಟ್ರಕಾಡ್ ಅಲ್ಲೇ ಕುಂತಿರ್ತಾವ. ನಿಮ್ಮ ಸಿರಿಂಜಿನ ಬಾಯಿ 3.14 ಚ.ಸೆಂ.ಮೀ., ಹಂಗಾಗಿ ಎಣಿಕಿನ 3.18ರಿಂದ ಗುಣಿಸಿದ್ರ 10 ಚ.ಸೆಂ.ಮೀ.ಗೆ ಎಷ್ಟು ಅಂತ ಸಿಗತದ.