ವಿಜಯಪುರದ ಬಿಸಿಲಿಗೆ 4090 ಗ್ರಾಫಿಕ್ಸ್ ಕಾರ್ಡು ಬಿಸಿಯಾಗುತ್ತಿದೆ, ಅದರ ಕೂಲರ್ ಕೆಟ್ಟಿದೆಯಾ?

ಗುಮ್ಮಟ_ಗೇಮರ್, ವಿಜಯಪುರ:
ಎಲ್ಲರಿಗೂ ನಮಸ್ಕಾರ. ಎರಡು ವರ್ಷ ದುಡ್ಡು ಕೂಡಿಟ್ಟು ಆರ್‌ಟಿಎಕ್ಸ್ 4090 ತಗೊಂಡಿದ್ದೇನೆ, ಮೂರು ಫ್ಯಾನಿನದು. ಜನವರಿಯಲ್ಲಿ ಓವರ್‌ಕ್ಲಾಕ್ ಮಾಡಿ, ಅಂದರೆ ಕಂಪನಿ ಕೊಟ್ಟ ಸ್ಪೀಡಿಗಿಂತ ಕೋರ್‌ಗೆ (ಮುಖ್ಯ ಚಿಪ್) 180, ಮೆಮೊರಿಗೆ 1200 ಮೆಗಾಹರ್ಟ್ಸ್ ಏರಿಸಿ ರಾತ್ರಿ ಪೂರ್ತಿ ಆಡಿದರೂ ಏನೂ ಆಗಿರಲಿಲ್ಲ. ಆಗ ರೂಮು 24 ಡಿಗ್ರಿ, ಕೋರ್ 64, ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿ ಜಾಗ) 76. ಈಗ ಏಪ್ರಿಲ್, ಮಧ್ಯಾಹ್ನ ರೂಮೇ 37 ಇರುತ್ತದೆ. ಕೋರ್ 79, ಹಾಟ್‌ಸ್ಪಾಟ್ 93. ಎರಡೂ ಸಲ ಫ್ಯಾನ್ 70 ಪರ್ಸೆಂಟ್‌ಗೆ ಲಾಕ್ ಮಾಡಿದ್ದೆ. ಅದೇ ಸೆಟ್ಟಿಂಗ್‌ನಲ್ಲಿ ಇಪ್ಪತ್ತು ನಿಮಿಷಕ್ಕೆ ಗೇಮ್ ಬಂದ್ ಆಗುತ್ತದೆ. ರಿವ್ಯೂ ವಿಡಿಯೋಗಳಲ್ಲಿ ಇದೇ ಕಾರ್ಡು ಅಷ್ಟು ಕಾಯುವುದಿಲ್ಲ. ವಾರಂಟಿಗೆ ಕಳಿಸಲಾ? ಅಂಗಡಿಯವರು ‘ತಂದು ಕೊಡಿ, ನೋಡೋಣ’ ಅಂತಷ್ಟೇ ಹೇಳುತ್ತಿದ್ದಾರೆ.

ಕ್ಯಾಂಪ್_ಹುಡುಗ, ಬೆಳಗಾವಿ:
ಕಳಿಸಬೇಡಿ ಅಣ್ಣ. ನಿಮ್ಮ ಲೆಕ್ಕದಲ್ಲೇ ಉತ್ತರ ಇದೆ. 64ರಲ್ಲಿ 24 ಕಳೆದರೆ 40, 79ರಲ್ಲಿ 37 ಕಳೆದರೆ 42. ಅಂದರೆ ಕೂಲರ್ ಆಗ ಮಾಡುತ್ತಿದ್ದ ಕೆಲಸವನ್ನೇ ಈಗಲೂ ಮಾಡುತ್ತಿದೆ, ಬದಲಾಗಿದ್ದು ನಿಮ್ಮ ರೂಮು. ರಿವ್ಯೂ ಮಾಡುವವರು ಎಸಿ ಹಾಕಿಕೊಂಡು ಇಪ್ಪತ್ತು ಚಿಲ್ಲರೆ ಡಿಗ್ರಿಯಲ್ಲಿ ಅಳೆಯುತ್ತಾರೆ, ಆ ನಂಬರನ್ನು ನಿಮ್ಮ ಮಧ್ಯಾಹ್ನದ ಪಕ್ಕ ಇಟ್ಟು ನೋಡಿದರೆ ಯಾವ ಕಾರ್ಡೂ ಕೆಟ್ಟದಾಗಿಯೇ ಕಾಣುತ್ತದೆ. ನಮ್ಮ ಬೆಳಗಾವಿಯ ನಂಬರ್ ಕೂಡ ನಿಮಗೆ ಹೊಂದಲ್ಲ, ಇಲ್ಲಿ ಅಷ್ಟು ಬಿಸಿಲಿಲ್ಲ. ಕೋರ್‌ಗೂ ಹಾಟ್‌ಸ್ಪಾಟ್‌ಗೂ 14 ಡಿಗ್ರಿ ಅಂತರ, ಅದೂ ಸರಿಯಾಗಿಯೇ ಇದೆ. ಅದು 25, 30 ಆದಾಗ ಚಿಪ್‌ಗೂ ಕೂಲರ್‌ಗೂ ನಡುವೆ ಹಚ್ಚುವ ಪೇಸ್ಟ್ ಒಣಗಿದೆಯೋ ಸರಿದಿದೆಯೋ ಅಂತ ಯೋಚಿಸಬೇಕು.

ಸೈಡ್ ಪ್ಯಾನಲ್ ತೆಗೆದು ಒಮ್ಮೆ ಓಡಿಸಿ ನೋಡಿ. ಐದಾರು ಡಿಗ್ರಿ ಇಳಿದರೆ ಕ್ಯಾಬಿನೆಟ್ ಒಳಗೆ ಗಾಳಿ ಸಾಲುತ್ತಿಲ್ಲ ಅಂತ ಅರ್ಥ.

ನವನಗರ_ರಿಗ್, ಬಾಗಲಕೋಟೆ:
ಓವರ್‌ಕ್ಲಾಕ್ ವಿಷಯ ನಾನು ಹೇಳುತ್ತೇನೆ. ಚಿಪ್ ಬಿಸಿಯಾದಷ್ಟೂ ಅದೇ ವೋಲ್ಟೇಜ್‌ನಲ್ಲಿ ಅದೇ ಸ್ಪೀಡ್ ತಡೆದುಕೊಳ್ಳುವುದು ಕಷ್ಟ. ಎನ್ವಿಡಿಯಾ ಕಾರ್ಡು ತಾನೇ 15 ಮೆಗಾಹರ್ಟ್ಸ್ ಮೆಟ್ಟಿಲಲ್ಲಿ ಸ್ಪೀಡ್ ಇಳಿಸುತ್ತಾ ಬರುತ್ತದೆ, ಆದರೆ ನೀವು ಏರಿಸಿದ 180 ಅದರ ಮೇಲೆ ಹಾಗೇ ಕೂತಿರುತ್ತದೆ. ಚಳಿಗಾಲದಲ್ಲಿ ಪಾಸಾದ ಸೆಟ್ಟಿಂಗ್ ಬೇಸಿಗೆಗೆ ಪಾಸಾಗಿಲ್ಲ, ಅಷ್ಟೇ. ಮಧ್ಯಾಹ್ನ ಎರಡಕ್ಕೆ ಕೂತು ಮತ್ತೆ ಟೆಸ್ಟ್ ಮಾಡಿ.

ಮೆಮೊರಿ ವಿಷಯದಲ್ಲಿ ಜಾಸ್ತಿ ಹುಷಾರು. ಈ ಕಾರ್ಡಿನ ಜಿಡಿಡಿಆರ್6ಎಕ್ಸ್ ಮೆಮೊರಿ, ಡೇಟಾದಲ್ಲಿ ತಪ್ಪು ಬಂದರೆ ತಾನೇ ಮತ್ತೆ ಕಳಿಸುತ್ತದೆ. ಕ್ರ್ಯಾಶ್ ಆಗದೆ ಸುಮ್ನೆ ಬೆಂಚ್‌ಮಾರ್ಕ್ ಟೆಸ್ಟಿನ ಸ್ಕೋರ್ ಇಳಿಯುತ್ತದೆ, ನಮಗೆ ಗೊತ್ತೇ ಆಗಲ್ಲ. 100 ಏರಿಸಿದಾಗಲೆಲ್ಲ ಸ್ಕೋರ್ ನೋಡಿ, ಎಲ್ಲಿ ಏರುವುದು ನಿಂತಿತೋ ಅಲ್ಲಿಂದ ಒಂದೆರಡು ಹೆಜ್ಜೆ ಹಿಂದೆ ಬನ್ನಿ.

ನಾನಂತೂ ಬೇಸಿಗೆಗೆ ಓವರ್‌ಕ್ಲಾಕ್ ಬಿಟ್ಟೇಬಿಟ್ಟೆ. ಆಫ್ಟರ್‌ಬರ್ನರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ವೋಲ್ಟೇಜ್ ಇಳಿಸಿ 950 ಮಿಲಿವೋಲ್ಟ್‌ಗೆ 2600 ಮೆಗಾಹರ್ಟ್ಸ್ ಇಟ್ಟಿದ್ದೇನೆ. ಒಂದೊಂದು ಚಿಪ್ ಒಂದೊಂದು ಥರ, ನಿಮ್ಮದಕ್ಕೆ ಎಷ್ಟು ಹೊಂದುತ್ತದೋ ನೋಡಿ. 450 ವ್ಯಾಟ್ ಕಾರ್ಡು ನಾಲ್ಕು ತಾಸು ಪೂರ್ತಿ ಓಡಿದರೆ 1.8 ಯುನಿಟ್, ಅಷ್ಟೂ ಕಾವು ನೀವು ಕೂತ ರೂಮಿಗೇ ಬರುತ್ತದೆ ಅಲ್ವಾ? ನನ್ನದು ಈಗ 340 ವ್ಯಾಟ್ ಆಸುಪಾಸು ಎಳೆಯುತ್ತದೆ, ಆಡುವಾಗ ವ್ಯತ್ಯಾಸ ಕಾಣಲಿಲ್ಲ.

ಇನ್ನೊಂದು, ರೂಮಿಗೆ ನೀರು ಹಾಕುವ ಏರ್ ಕೂಲರ್ ಇದ್ದರೆ ಹಚ್ಚಿ. ನಮ್ಮ ಒಣ ಬಿಸಿಲಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಗಾಳಿ ನೇರವಾಗಿ ಕ್ಯಾಬಿನೆಟ್‌ಗೆ ಬಡಿಯದಂತೆ ಇಡಿ, ನೀರಿನ ಹನಿ ಹಾರುತ್ತದೆ.

ಗುಮ್ಮಟ_ಗೇಮರ್, ವಿಜಯಪುರ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಪ್ಯಾನಲ್ ತೆಗೆದೆ, ಕೋರ್ 79ರಿಂದ 72ಕ್ಕೆ ಇಳಿಯಿತು! ಮುಂದಿನ ಫಿಲ್ಟರ್ ಬಿಚ್ಚಿದರೆ ಕೆಂಪು ಧೂಳು ಬಟ್ಟೆಯ ಹಾಗೆ ಅಂಟಿತ್ತು. ಮೂರು ತಿಂಗಳಿಂದ ತೊಳೆದಿರಲಿಲ್ಲ. ತೊಳೆದು ಒಣಗಿಸಿ, ಪ್ಯಾನಲ್ ಹಾಕಿದ ಮೇಲೂ 74 ಇದೆ. ಮೆಮೊರಿ 1200ರಲ್ಲಿದ್ದಾಗ ಬಂದ ಸ್ಕೋರ್ 800ರಲ್ಲಿ ಬಂದದ್ದಕ್ಕಿಂತ ಕಡಿಮೆ, ನಿಜವಾಗಿಯೂ. ಈಗ ಮೆಮೊರಿಗೆ 800, ಕೋರ್‌ಗೆ 90 ಮೆಗಾಹರ್ಟ್ಸ್ ಮಾತ್ರ ಏರಿಸಿದ್ದೇನೆ. ನಿನ್ನೆ ಮಧ್ಯಾಹ್ನ ಎರಡು ತಾಸು ಆಡಿದೆ, ಎಲ್ಲೂ ನಿಲ್ಲಲಿಲ್ಲ. 950 ಮಿಲಿವೋಲ್ಟ್ ಈ ಭಾನುವಾರ ನೋಡುತ್ತೇನೆ.

ಕ್ಯಾಂಪ್_ಹುಡುಗ, ಬೆಳಗಾವಿ:
ನೋಡಿ, ನಂಬರ್ ಹಾಕಿ. ರೂಮಿನ ಟೆಂಪರೇಚರ್ ಬರೆಯುವುದು ಮರೆಯಬೇಡಿ.