ಇಎಲ್84 ಸಾಕೆಟ್ ಲೂಸಾಗಿದೆ, ಬದಲಾಯಿಸ್ಲೇಬೇಕಾ?

ಹಳೇರೇಡಿಯೋ: ತಾತನ ವಾಲ್ವ್ ರೇಡಿಯೋ ಹತ್ತು ನಿಮಿಷ ಚೆನ್ನಾಗಿ ಹಾಡತ್ತೆ ಆಮೇಲೆ ಕರ್‌ಕರ್ ಅಂತ ಶುರು, ಔಟ್‌ಪುಟ್ ವಾಲ್ವ್‌ನ (ಸ್ಪೀಕರ್ ಓಡ್ಸೋ ಇಎಲ್84) ಬಟ್ಟೆ ಸುತ್ತಿ ಸ್ವಲ್ಪ ಅಲ್ಲಾಡ್ಸಿದ್ರೆ ಸರಿಹೋಗತ್ತೆ. ಸಾಕೆಟ್ ಬೇಕಲೈಟ್‌ದು (ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್), 7ನೇ ಪಿನ್ ಪಕ್ಕ ಕಪ್ಪು ಕಲೆ ಇದೆ. ಕ್ಲೀನ್ ಮಾಡಿದ್ರೆ ಸಾಕಾ?

ಸೋಲ್ಡರ್‌ಹೊಗೆ: ಬರೀ ಲೂಸ್ ಆಗಿದ್ರೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ತೊಳೆದು, ದಪ್ಪ ಸೂಜಿಲಿ ಒಳಗಿನ ಕಾಂಟ್ಯಾಕ್ಟ್ ಬಿಗಿ ಮಾಡಿ ಅಂತಿದ್ದೆ. ಆದ್ರೆ 7 ಅಂದ್ರೆ ಆನೋಡ್, ಅಂದ್ರೆ ವಾಲ್ವ್‌ನ ಪಾಸಿಟಿವ್ ತುದಿ, ಹತ್ರತ್ರ 250 ವೋಲ್ಟ್ ಇರತ್ತೆ ಅಲ್ಲಿ. ಬೇಕಲೈಟ್ ಸುಟ್ಟು ಇದ್ದಿಲಾದ್ರೆ ಅದರಲ್ಲೇ ಕರೆಂಟ್ ಹರಿಯತ್ತೆ, ಎಷ್ಟು ಉಜ್ಜಿದ್ರೂ ಅಷ್ಟೇ. ಕಿತ್ತಾಕಿ ಸೆರಾಮಿಕ್ 9 ಪಿನ್‌ದು ಹಾಕಿ ಸಾರ್. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರತ್ತೆ, ಅದನ್ನ ಡಿಸ್ಚಾರ್ಜ್ ಮಾಡಿ, ಮೀಟರ್ ಇಟ್ಟು ನೋಡಿ, ಆಮೇಲೇ ಕೈ ಹಾಕಿ.

ಮಲ್ನಾಡ್‌ವಾಲ್ವ್: ಒಂದು ಮಾತು ಮಾರಾಯ್ರೆ, ಹೊಸ ಸಾಕೆಟ್‌ಗೆ ಬೆಸುಗೆ ಹಾಕುವಾಗ ಒಂದು ಸತ್ತ ವಾಲ್ವ್ ಚುಚ್ಚಿಟ್ಕೊಳ್ಳಿ, ಕಾಂಟ್ಯಾಕ್ಟ್ ಅತ್ತಿತ್ತ ಓರೆ ಆಗಲ್ಲ. ನಾನು ಇದು ಗೊತ್ತಿಲ್ದೆ ಮಾಡಿ ಒಳ್ಳೇ ವಾಲ್ವ್‌ನ ಪಿನ್ ಹತ್ರ ಗಾಜು ಬಿರುಕು ಬಿಡ್ಸಿ ಕೂತಿದ್ದೆ, ಹೆಂಡ್ತಿ ಇನ್ನೂ ಆಡ್ಕೋತಾಳೆ. ಮತ್ತೆ ಪಿನ್‌ಗಳನ್ನ ಕೆಳಗಿಂದ ನೋಡಿ, ಪಿನ್ ಇಲ್ಲದ ಗ್ಯಾಪ್‌ನಿಂದ ಗಡಿಯಾರದ ದಿಕ್ಕಲ್ಲಿ ಎಣಿಸಿ, ಮೇಲಿಂದ ಎಣಿಸಿದ್ರೆ ಎಲ್ಲಾ ಉಲ್ಟಾ. ವೈರ್ ಬಿಚ್ಚೋ ಮುಂಚೆ ನಾಲ್ಕು ಫೋಟೋ.

ಹಳೇರೇಡಿಯೋ: ಸಾಕೆಟ್‌ಗೆ ಸ್ಕ್ರೂ ಇಲ್ಲ, ರಿವೆಟ್ ಹೊಡೆದಿದಾರಲ್ಲ?

ಸೋಲ್ಡರ್‌ಹೊಗೆ: ಡ್ರಿಲ್ ಮಾಡಿ ತೆಗೀರಿ, 3 ಎಂಎಂ ಸ್ಕ್ರೂ ನಟ್ ಹಾಕಿ. ಲೋಹದ ಚೂರು ಒಳಗೆ ಬೀಳದ ಹಾಗೆ ಟೇಪ್ ಅಂಟಿಸ್ಕೊಳ್ಳಿ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸಾಕೆಟ್ ವಿಚಾರಿಸಿ ನೋಡಿ.