ಪದ ಬೇಕು: 'ರಿವರ್ಸ್ ಮಿಶನ್' (ಗುರುವಾರದೊಳಗೆ)

ಧಾರವಾಡದಿಂದ, ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್.

ಇಲ್ಲಿ ಕ್ರೈಸ್ತ ಮಿಶನ್ ಇತಿಹಾಸದ ಒಂದು ಸಣ್ಣ ಪ್ರದರ್ಶನ ಇದೆ. ಹನ್ನೊಂದು ಫಲಕ ಮುಗಿದಿವೆ. 1834ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, ಆಮೇಲೆ ಬೆಟಗೇರಿ, ಇದೆಲ್ಲ ಸಲೀಸಾಗಿ ಬರೆದೆ. ಹನ್ನೆರಡನೆಯದರಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಅದು ಇವತ್ತಿನ ಕಥೆ. 1884-85ರಲ್ಲಿ ಅಮೆರಿಕದ ಮಿಶನರಿಗಳು ಕೊರಿಯಾಕ್ಕೆ ಹೋದರು, ಈಗ ಕೊರಿಯಾದವರೇ ಸಾವಿರಾರು ಜನರನ್ನು ಹೊರಗೆ ಕಳಿಸುತ್ತಾರೆ. 1952ರಲ್ಲಿ ನೈಜೀರಿಯಾದ ಲಾಗೋಸಿನಲ್ಲಿ ಹುಟ್ಟಿದ ಒಂದು ಕ್ರೈಸ್ತ ಸಭೆಗೆ ಬ್ರಿಟನ್ನಿನಲ್ಲೇ ನೂರಾರು ಶಾಖೆಗಳಿವೆ. ಕೇರಳದ ಪಾದ್ರಿಗಳು ಜರ್ಮನಿಯ ಚರ್ಚುಗಳಲ್ಲಿ ಪೂಜೆ ಮಾಡಿಸುತ್ತಾರೆ. ಇದಕ್ಕೆ ಇಂಗ್ಲಿಷಿನವರು ರಿವರ್ಸ್ ಮಿಶನ್ ಅನ್ನುತ್ತಾರೆ.

ನಾನು 'ಹಿಮ್ಮುಖ ಮಿಶನ್' ಅಂತ ಹಾಕಿ ಪ್ರೂಫ್ ತೆಗೆಸಿದೆ. ಫ್ಲೆಕ್ಸ್ ಅಂಗಡಿಯ ಹುಡುಗ ಒಂದು ಸಲ ಓದಿದ. "ಯಾಕ್ರೀ ಸರ್, ವಾಪಸ್ ಹೋಗಿಬಿಟ್ರೇನ್ರೀ ಅವರು?" ಅಂದ.

ಶೀರ್ಷಿಕೆಗೆ ಒಂದೇ ಸಾಲಿನ ಜಾಗ ಇದೆ. ಗುರುವಾರ ಸಂಜೆ ಪ್ರಿಂಟ್. ದಯವಿಟ್ಟು ಪದ ಕೊಡಿ.

ಹುಬ್ಬಳ್ಳಿಯಿಂದ

ಮಿಶನ್ ಅನ್ನುವುದು ಲ್ಯಾಟಿನ್ನಿನ ಮಿತ್ತೆರೆಯಿಂದ ಬಂದದ್ದು, ಅಂದರೆ ಕಳಿಸು. ನಮ್ಮಲ್ಲಿ ಪ್ರೇಷಣ ಇದ್ದೇ ಇದೆ. ಹಾಗಾಗಿ 'ಪ್ರತಿಪ್ರೇಷಣ'. ಇದಕ್ಕೆ ಚರ್ಚೆ ಯಾಕೆ ಬೇಕೋ ತಿಳಿಯದು.

ಹಾವೇರಿಯಿಂದ

ಪ್ರತಿಪ್ರೇಷಣ ಅಂದರೆ ಕೊರಿಯರ್‌ನವನು ಪಾರ್ಸಲ್ ವಾಪಸ್ ತಂದ ಅಂದುಕೊಳ್ಳುತ್ತಾರೆ. ಅಲ್ಲದೆ ಕ್ಯಾಥೋಲಿಕರು ಅಪೊಸ್ತಲರನ್ನು, ಅಂದರೆ ಯೇಸು ಕಳಿಸಿದ ಶಿಷ್ಯರನ್ನು, 'ಪ್ರೇಷಿತರು' ಅಂತಲೇ ಕರೆಯುತ್ತಾರೆ. ಪ್ರಾಟೆಸ್ಟಂಟರ ಬೈಬಲಿನಲ್ಲಿ 'ಅಪೊಸ್ತಲರ ಕೃತ್ಯಗಳು' ಆದದ್ದು ಅವರಲ್ಲಿ 'ಪ್ರೇಷಿತರ ಕಾರ್ಯಕಲಾಪಗಳು'. ನಿಮ್ಮ ಫಲಕದ ಮುಂದೆ ಇಬ್ಬರೂ ನಿಂತರೆ ಇಬ್ಬರಿಗೂ ಗೊಂದಲ.

ಗದಗದಿಂದ

ಸಂಸ್ಕೃತವೂ ಬೇಡ, ಲ್ಯಾಟಿನ್ನೂ ಬೇಡ. ಕಳುಹು ಮತ್ತು ಆಳು ಸೇರಿಸಿ 'ಕಳುಹಾಳು' ಮಾಡಿಕೊಳ್ಳಿ. ಮಿಶನರಿಗೆ ಅಚ್ಚಗನ್ನಡ ಪದ ಸಿಕ್ಕಿತು. ವಾಪಸ್ ಬರುವವನು 'ಮರುಕಳುಹಾಳು'. ನಮ್ಮ ಪದ ಇರುವಾಗ ಎರವಲು ಬೇಡುವ ಚಾಳಿ ಯಾವಾಗ ಬಿಡುತ್ತೇವೋ.

ಹಾವೇರಿಯಿಂದ

ಮಾಸ್ತರ್, ಜೋರಾಗಿ ಒಮ್ಮೆ ಹೇಳಿ ನೋಡಿ. ಕೊನೆಗೆ ಕಿವಿಗೆ ಬೀಳುವುದು 'ಹಾಳು' ಮಾತ್ರ.

ಬೆಟಗೇರಿಯಿಂದ

ಸುಮ್ನೆ ಓದುತ್ತಿದ್ದೆ. ಆಳು ಅಂದ ಕೂಡಲೇ ಒಂದು ಪದ ನೆನಪಾಯಿತು, ಮುಯ್ಯಾಳು. ಕಸ ತೆಗೆಯಲು ನಾವು ನಿಮ್ಮ ಹೊಲಕ್ಕೆ ಬರುತ್ತೇವೆ, ಜೋಳದ ಸುಗ್ಗಿಗೆ ನೀವು ನಮ್ಮಲ್ಲಿಗೆ ಬನ್ನಿ. ನಡುವೆ ಕೂಲಿ ಇಲ್ಲ, ಧಣಿ ಇಲ್ಲ. ಮದುವೆಯಲ್ಲಿ ಮುಯ್ಯಿ ಮಾಡುವುದೂ ಅದೇ ಬೇರು, ಅವರು ಇಟ್ಟಷ್ಟು ನಾವೂ ಇಡಬೇಕು. 'ಮುಯ್ಯಿ ಮಿಶನ್' ಅಂದರೆ ಹೇಗೆ?

ಇದು ಬರೀ ಪದದ ಆಸೆಯಲ್ಲ. 1910ರಲ್ಲಿ ಎಡಿನ್‌ಬರೋದಲ್ಲಿ ಮಿಶನ್‌ಗಳ ದೊಡ್ಡ ಸಮ್ಮೇಳನ ನಡೆಯಿತು. ಸುಮಾರು 1,200 ಪ್ರತಿನಿಧಿಗಳಲ್ಲಿ ಏಷ್ಯಾದವರು 20 ಜನ ಕೂಡ ಇರಲಿಲ್ಲ. ಅಲ್ಲಿ ತಮಿಳುನಾಡಿನ ವಿ.ಎಸ್. ಅಜರಯ್ಯ ಎದ್ದು ನಿಂತು, ನಿಮ್ಮ ತ್ಯಾಗವೆಲ್ಲ ಸರಿ, ನಮಗೆ ಸ್ನೇಹಿತರು ಬೇಕು ಅಂದರು. ಬಿಳಿಯರ ಮುಖಕ್ಕೇ ಹೇಳಿದ ಮಾತು. ಎರಡು ವರ್ಷಕ್ಕೆ ಅವರೇ ತೆಲುಗು ಸೀಮೆಯ ದೋರ್ನಕಲ್ಲಿಗೆ ಬಿಷಪ್ ಆದರು. ಅವರು ಕೇಳಿದ್ದು ಮುಯ್ಯಿಯನ್ನೇ ಅಲ್ವಾ?

ಹುಬ್ಬಳ್ಳಿಯಿಂದ

ಮುಯ್ಯಿ ಅಂದರೆ ಸೇಡು. 'ಮುಯ್ಯಿ ತೀರಿಸಿಕೊಂಡ' ಅನ್ನುವುದಿಲ್ಲವೇ? ಲಂಡನ್ನಿಗೆ ಹೋದ ನೈಜೀರಿಯಾದವರು ಸೇಡಿಗೆ ಬಂದರು ಅಂತ ಧಾರವಾಡದಲ್ಲಿ ಬೋರ್ಡ್ ಹಾಕುತ್ತೀರಾ? ಪದದ ಒಂದು ಅರ್ಥ ಹಿಡಿದು ಇನ್ನೊಂದನ್ನು ಬಿಟ್ಟರೆ ಆಗುವುದಿಲ್ಲ. ಮುಗಿಯಿತು.

ಧಾರವಾಡದಿಂದ

ಅಕ್ಕಾರ, ಮುಯ್ಯಾಳು ಬಹಳ ಚಂದ ಇದೆ. ಆದರೆ ಸೇಡಿನ ಅರ್ಥ ನನಗೂ ಹೆದರಿಕೆ ಹುಟ್ಟಿಸುತ್ತದೆ. ನಾಳೆ ಬುಧವಾರ.

ಹಾವೇರಿಯಿಂದ

ಸರ್, ಪದ ಸಿಗದಿರುವುದಕ್ಕೆ ಕಾರಣ ಕನ್ನಡ ಅಲ್ಲ. ಆ ಇಂಗ್ಲಿಷ್ ಪದವೇ ತಪ್ಪು. ರಿವರ್ಸ್ ಅಂದರೆ ಮುಂದಕ್ಕೆ ಹೋಗುವ ದಾರಿ ಒಂದೇ ಇತ್ತು, ಯುರೋಪಿನಿಂದ ಇತ್ತ, ಅಂತ ಒಪ್ಪಿಕೊಂಡ ಹಾಗೆ.

1843 ನೋಡಿ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಪತ್ರಿಕೆ ಶುರು ಮಾಡಿದ ವರ್ಷ. ಅದೇ ವರ್ಷ ಅದೇ ಬಾಸೆಲ್ ಮಿಶನ್ ಜಮೈಕಾದ ಕಪ್ಪು ಜನರ ಕೆಲವು ಕುಟುಂಬಗಳನ್ನು ಈಗಿನ ಘಾನಾಕ್ಕೆ ಕರೆದೊಯ್ದಿತು. ಅಕ್ರೊಪಾಂಗ್ ಅನ್ನುವ ಊರಲ್ಲಿ ಅವರು ಮನೆ ಕಟ್ಟಿಕೊಂಡು ನಿಂತರು. ಅವರೂ ಮಿಶನ್ ಕೆಲಸಕ್ಕೇ ಹೋದವರು. ನಿಮ್ಮ ಹನ್ನೊಂದು ಫಲಕಗಳಲ್ಲಿ ಅವರಿದ್ದಾರಾ?

1903ರಲ್ಲಿ ತಿರುನೆಲ್ವೇಲಿಯ ತಮಿಳರು ತಮ್ಮದೇ ದುಡ್ಡಿನಲ್ಲಿ ಮಿಶನರಿ ಸಂಘ ಕಟ್ಟಿ ತೆಲುಗು ಸೀಮೆಗೆ ಜನ ಕಳಿಸಿದರು. ಇವತ್ತು ಮಿಜೋರಾಂ, ನಾಗಾಲ್ಯಾಂಡಿನ ಸಭೆಗಳು ಬೇರೆ ರಾಜ್ಯಗಳಿಗೆ ಕಳಿಸುತ್ತವೆ. ಕೊರಿಯಾದವನು ಮಧ್ಯ ಏಷ್ಯಾಕ್ಕೆ ಹೋದರೆ ಅದು ಯಾವ ರಿವರ್ಸ್? ಅವನು ಯಾರ ಸಾಲ ತೀರಿಸಲು ಹೋದದ್ದೂ ಅಲ್ಲ.

ಆದ್ದರಿಂದ ಹಿಮ್ಮುಖ, ಪ್ರತಿ, ಮರು, ಮುಯ್ಯಿ, ನಾಲ್ಕನ್ನೂ ಕಿತ್ತುಹಾಕಿ. 'ಎಲ್ಲ ಕಡೆಯಿಂದ ಎಲ್ಲ ಕಡೆಗೆ' ಅಂತ ಬರೆಯಿರಿ. ಕೆಳಗೆ 'ಮಿಶನರಿಗಳು' ಅಂತ ಹಾಕಿ.

ಗದಗದಿಂದ

ಮತ್ತೆ ಮಿಶನರಿ! ಇಷ್ಟೆಲ್ಲ ಓದಿಸಿ ಕೊನೆಗೆ ಎರವಲು ಪದಕ್ಕೇ ಬಂದಿರಿ. ಪೂರ್ತಿ ಸಾಲು ಕನ್ನಡದಲ್ಲಿದ್ದು, ಮುಖ್ಯ ಪದ ಮಾತ್ರ ಪರರದ್ದು. ಕಿಟೆಲ್ ಇಷ್ಟು ದಪ್ಪ ನಿಘಂಟು ಮಾಡಿಟ್ಟದ್ದು ಯಾಕೆ?

ಬೆಟಗೇರಿಯಿಂದ

ಮಾಸ್ತರ್, ಸಿಟ್ಟಾಗಬೇಡಿ. ನಿಮ್ಮ ಪಗಾರ ಪೋರ್ಚುಗೀಸ್. ಮನೆಯ ಚಾವಿ ಪೋರ್ಚುಗೀಸ್. ಪಾದ್ರಿಯೂ ಅಲ್ಲಿಯದೇ. ಪಗಾರ ಆದ ದಿನ ನೀವು ಯಾವತ್ತೂ ಬೇಡ ಅಂದಿಲ್ಲ.

ನಮ್ಮಲ್ಲಿ ಸ್ಟೇಶನ್ನಿನಲ್ಲಿ ಇಳಿದು ಆಟೋದವನಿಗೆ ಸಿಎಸ್‌ಐ ಆಸ್ಪತ್ರೆ ಅನ್ನಿ. ತಲೆ ಕೆರೆದುಕೊಳ್ಳುತ್ತಾನೆ. 'ಜರ್ಮನ್ ದವಾಖಾನಿ' ಅನ್ನಿ, ಮಾತಿಲ್ಲದೆ ಗಾಡಿ ಚಾಲೂ ಮಾಡುತ್ತಾನೆ. ಅದನ್ನು ಕಟ್ಟಿದ್ದು ಬಾಸೆಲ್ ಮಿಶನ್, ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ. ಬಂದವರಲ್ಲಿ ಜಾಸ್ತಿ ಜನ ಜರ್ಮನ್ನರು. ದವಾ ಅರಬ್ಬಿ, ಖಾನೆ ಪಾರಸಿ. ನಮ್ಮಜ್ಜಿ ಇದರಲ್ಲಿ ಒಂದಕ್ಷರವನ್ನೂ ಪರರದ್ದು ಅಂದುಕೊಂಡಿರಲಿಲ್ಲ. ಮಿಶನ್ ಅನ್ನುವುದೂ ಅವಳ ಬಾಯಲ್ಲಿ 'ಮಿಶನ್ ಸಾಲಿ'ಯ ಮಿಶನ್.

ಒಂದು ಮಾತು ಮಾತ್ರ ಹಾವೇರಿಯವರಿಗೆ. ಮಿಶನರಿ ಅಂದ ತಕ್ಷಣ ನಮ್ಮ ಜನರ ಕಣ್ಣಿಗೆ ಬರುವುದು ಗಡ್ಡ ಬಿಟ್ಟ ಬಿಳಿ ದೊರೆ. ಪದ ಬದಲಿಸಿದರೆ ಆ ಚಿತ್ರ ಹೋಗುವುದಿಲ್ಲ. ಪಕ್ಕದಲ್ಲಿ ಒಂದು ಫೋಟೋ ಹಾಕಿದರೆ ಹೋಗಬಹುದು.

ಧಾರವಾಡದಿಂದ, ಗುರುವಾರ ಮಧ್ಯಾಹ್ನ

ಎಲ್ಲರಿಗೂ ಥ್ಯಾಂಕ್ಸ್. 'ಎಲ್ಲ ಕಡೆಯಿಂದ ಎಲ್ಲ ಕಡೆಗೆ' ಒಂದೇ ಸಾಲಿನಲ್ಲಿ ಕೂತಿತು. ಕೆಳಗೆ ಸಣ್ಣ ಅಕ್ಷರದಲ್ಲಿ 'ಇಂದಿನ ಮಿಶನರಿಗಳು'. ಜಮೈಕಾದವರ ವಿಷಯ ಒಂದು ಪ್ಯಾರಾ ಸೇರಿಸಿ, ನಾಲ್ಕನೇ ಫಲಕ ಮತ್ತೆ ಪ್ರಿಂಟ್ ಮಾಡಿಸುತ್ತಿದ್ದೇನೆ, ಖರ್ಚು ಹಾವೇರಿಯವರ ಲೆಕ್ಕಕ್ಕೆ. ಕೊರಿಯಾದ ದಂಪತಿಯ ಒಂದು ಫೋಟೋ, ಲಾಗೋಸಿನ ಪಾದ್ರಿಯ ಒಂದು ಫೋಟೋ ಹಾಕಿದೆ. ಅಂಗಡಿಯ ಹುಡುಗ ಓದಿ, "ಹಂಗಾದ್ರ ನಮ್ಮವರೂ ಹೋಗ್ಯಾರೇನ್ರೀ?" ಅಂದ. ಸಾಕು.

ಹುಬ್ಬಳ್ಳಿಯಿಂದ

ಮಿಶನರಿಗೆ ಶ ಯಾಕೆ ಹಾಕಿದಿರಿ? ಮಿಷನರಿ ಆಗಬೇಕು. ಎಲ್ಲ ಪತ್ರಿಕೆಗಳಲ್ಲಿ ಷ ಇದೆ.

ಗದಗದಿಂದ

ಷ ಕನ್ನಡದ್ದೇ ಅಲ್ಲ.

ಧಾರವಾಡದಿಂದ

ಪ್ರಿಂಟ್ ಆಗಿದೆ ರೀ.